ಲಾಡ್ಜಿನ ಪ್ಲಗ್ಗು, ಹೆದ್ದಾರಿಯ ಗನ್ನು: ಊರು ಬಿಟ್ಟಾಗ ಎಲೆಕ್ಟ್ರಿಕ್ ಕಾರನ್ನು ಚಾರ್ಜ್‌ಗೆ ಹಾಕುವುದು ಹೇಗೆ?

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ 30 ಕಿಲೋವ್ಯಾಟ್-ಅವರ್ ಬ್ಯಾಟರಿಯ ಎಲೆಕ್ಟ್ರಿಕ್ ಕಾರು ಕೊಂಡೆವು. ತುಮಕೂರಿನ ಮನೆಯಲ್ಲಿ ಚಾರ್ಜಿಂಗ್‌ಗೆ ತೊಂದರೆಯಿಲ್ಲ. ಹೋದ ತಿಂಗಳು ಸುಬ್ರಹ್ಮಣ್ಯಕ್ಕೆ ಹೋಗಿದ್ದಾಗ ಲಾಡ್ಜಿನ ಕೋಣೆಯ 15 ಆಂಪ್ಸ್ ಪ್ಲಗ್ಗಿನಿಂದ ರಾತ್ರಿಯಿಡೀ ಚಾರ್ಜ್‌ಗೆ ಹಾಕಿದ್ದೆವು. ಬೆಳಿಗ್ಗೆ ನೋಡಿದರೆ ಚಾರ್ಜಿಂಗ್ ಅರ್ಧಕ್ಕೇ ನಿಂತಿತ್ತು. ಸಾಕೆಟ್ ಕಂದು ಬಣ್ಣಕ್ಕೆ ತಿರುಗಿ, ಪ್ಲಗ್ಗಿನ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕರಗಿತ್ತು. ಆದರೆ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್) ಟ್ರಿಪ್ ಆಗಿರಲಿಲ್ಲ. ಮಾಲೀಕರ ಜೊತೆ ಮಾತಿಗೆ ಮಾತು ಬೆಳೆಯಿತು. ವಾಪಸ್ ಬರುವಾಗ ಸಕಲೇಶಪುರದ ಫಾಸ್ಟ್ ಚಾರ್ಜರ್‌ನಲ್ಲಿ ಒಂದು ಕಾರು ಶೇ 97 ತೋರಿಸುತ್ತಾ ನಿಂತೇ ಇತ್ತು, ಚಾಲಕರ ಸುಳಿವಿಲ್ಲ. ನಾವೇ ಅದರ ಗನ್ (ಕಾರಿಗೆ ಚುಚ್ಚುವ, ಚಾರ್ಜಿಂಗ್ ಕೇಬಲ್ಲಿನ ತುದಿಯ ಹಿಡಿ) ತೆಗೆಯಬಹುದಿತ್ತೇ? ಮಳೆಯಲ್ಲಿ ಗನ್ ಮುಟ್ಟಲು ಮನೆಯವರಿಗೆ ಭಯ. ಅರ್ತಿಂಗ್ ಇಲ್ಲದ ಕಡೆಯೂ ಚಾರ್ಜ್ ಆಗುವಂಥ ಪ್ಲಗ್ ಮಾಡಿಕೊಡುತ್ತೇನೆ ಎಂದು ಒಬ್ಬ ಎಲೆಕ್ಟ್ರಿಷಿಯನ್ ಹೇಳಿದ್ದಾರೆ. ಮಾಡಿಸಿಕೊಳ್ಳಲೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಯಾಕೆಂದರೆ ಅದು ಜೀವದ ವಿಷಯ. ಆ ಪ್ಲಗ್ ಮಾಡಿಸಿಕೊಳ್ಳಬೇಡಿ. ಈಗಾಗಲೇ ಮಾಡಿಸಿದ್ದರೆ ಇವತ್ತೇ ಕತ್ತರಿಸಿ ಎಸೆಯಿರಿ.

ಕಾರಿನ ಜೊತೆ ಬಂದ ಪೋರ್ಟಬಲ್ ಚಾರ್ಜರ್‌ನ ಪೆಟ್ಟಿಗೆ ಕರೆಂಟು ಬಿಡುವ ಮುನ್ನ ಅರ್ತಿಂಗ್ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಕೆಂಪು ದೀಪ ಹೊತ್ತಿಸಿ ಸುಮ್ಮನಾಗುತ್ತದೆ. ಎಲೆಕ್ಟ್ರಿಷಿಯನ್ ಮಾಡಿಕೊಡುತ್ತೇನೆ ಅಂದಿರುವ ಪ್ಲಗ್ಗಿನೊಳಗೆ ನ್ಯೂಟ್ರಲ್‌ನಿಂದ ಅರ್ತ್ ಪಿನ್ನಿಗೆ ಒಂದು ಸಣ್ಣ ತಂತಿ ಕೊಟ್ಟಿರುತ್ತಾರೆ. ಪೆಟ್ಟಿಗೆಗೆ ಅದೇ ಅರ್ತ್ ಅನ್ನಿಸುತ್ತದೆ, ಹಸಿರು ದೀಪ ಬರುತ್ತದೆ. ಈಗ ಕಾರಿನ ಇಡೀ ಬಾಡಿ ನ್ಯೂಟ್ರಲ್‌ಗೆ ಸೇರಿಕೊಂಡಿದೆ. ಸಾಕೆಟ್ಟಿಗೆ ಬರುವ ಲೈನಿನಲ್ಲಿ ಎಲ್ಲೋ ನ್ಯೂಟ್ರಲ್ ಕಡಿದರೆ ಬಾಡಿಗೆ 230 ವೋಲ್ಟ್ ಬರುತ್ತದೆ. ಅದಕ್ಕಿಂತ ಸಾಮಾನ್ಯವಾದ ಅಪಾಯ ಇನ್ನೊಂದಿದೆ. ಹಳೆಯ ಕಟ್ಟಡಗಳ ಸಾಕೆಟ್ಟುಗಳಲ್ಲಿ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿರುವುದು ಹೊಸದೇನಲ್ಲ. ಅಂಥ ಕಡೆ ಈ ಪ್ಲಗ್ ಚುಚ್ಚಿದ ಕ್ಷಣವೇ ಕಾರಿನ ಬಾಡಿ ಫೇಸ್ ಆಗುತ್ತದೆ. ಟೈರು ರಬ್ಬರ್, ಆದ್ದರಿಂದ ಫ್ಯೂಸ್ ಹೋಗುವುದಿಲ್ಲ, ಕಿಡಿಯೂ ಹಾರುವುದಿಲ್ಲ. ಕಾರು ಏನೂ ಆಗದಂತೆ ನಿಂತಿರುತ್ತದೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಬಂದು ಮೊದಲು ಬಾಗಿಲ ಹಿಡಿ ಮುಟ್ಟಿದವರ ಮೈಮೇಲೆ ಹಾದು ಕರೆಂಟು ನೆಲ ಸೇರುತ್ತದೆ. ದೇವಸ್ಥಾನದ ಊರಿನಲ್ಲಿ ಬೆಳಗಿನ ಜಾವ ಸ್ನಾನ ಮುಗಿಸಿ ಒದ್ದೆ ಕಾಲಲ್ಲಿ ಓಡಾಡುವವರು ಎಷ್ಟು ಮಂದಿ, ನೀವೇ ಯೋಚಿಸಿ. ಸೋರಿಕೆ ಹಿಡಿಯುವ ಆರ್‌ಸಿಸಿಬಿಯೂ ಇಲ್ಲಿ ಪೂರ್ತಿ ಕಾಯುವುದಿಲ್ಲ. ಕಾರಿನೊಳಗಿನ ಸೋರಿಕೆಯ ಕರೆಂಟು ಅದೇ ನ್ಯೂಟ್ರಲ್ ಮೂಲಕ ವಾಪಸಾಗುವುದರಿಂದ ಹೋದ ಕರೆಂಟಿಗೂ ವಾಪಸಾದ ಕರೆಂಟಿಗೂ ಅದಕ್ಕೆ ವ್ಯತ್ಯಾಸ ಕಾಣುವುದೇ ಇಲ್ಲ.

ಕೆಂಪು ದೀಪ ಬಂತೆಂದರೆ ಆ ಸಾಕೆಟ್ ನಿಮ್ಮ ಕಾರಿಗಲ್ಲ, ಅಷ್ಟೇ. ಒಂದು ಮಾತು ಗಮನದಲ್ಲಿರಲಿ: ಕರೆಂಟು ಹೋಗಿ ಜನರೇಟರ್ ಓಡುತ್ತಿದ್ದಾಗಲೂ ಅರ್ತ್ ದೋಷ ತೋರಿಸಬಹುದು. ಜನರೇಟರಿನ ನ್ಯೂಟ್ರಲನ್ನು ಭೂಮಿಗೆ ಸೇರಿಸದೆ ಬಿಟ್ಟಿರುವ ಕಡೆ ಹೀಗಾಗುತ್ತದೆ. ಲೈನ್ ಬರುವವರೆಗೆ ಕಾಯಿರಿ.

ಇನ್ನು ಕರಗಿದ ಪ್ಲಗ್. ಎಂಸಿಬಿ ಯಾಕೆ ಬೀಳಲಿಲ್ಲ ಎಂಬುದರಲ್ಲೇ ಅರ್ಧ ಉತ್ತರವಿದೆ. ಎಂಸಿಬಿ ಇರುವುದು ಗೋಡೆಯೊಳಗಿನ ವೈರನ್ನು ಕಾಯಲು. 16 ಆಂಪ್ಸ್‌ನ ಎಂಸಿಬಿ 16 ಆಂಪ್ಸನ್ನು ದಿನವಿಡೀ ಬಿಡುತ್ತದೆ, 18 ಆಂಪ್ಸ್ ಹರಿದರೂ ಒಂದು ಗಂಟೆಯೊಳಗೆ ಬೀಳಲೇಬೇಕೆಂದಿಲ್ಲ. ನಿಮ್ಮ ಕಾರು ಎಳೆಯುವುದು 14–15 ಆಂಪ್ಸ್. ಎಂಸಿಬಿಯ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿದೆ. ಸಾಕೆಟ್ಟಿನ ಒಳಗಿನ ಹಿತ್ತಾಳೆಯ ಎಲೆ ಸಡಿಲಾಗಿದೆಯೇ, ಅಲ್ಲಿ ಬಿಸಿ ಏರುತ್ತಿದೆಯೇ ಎನ್ನುವುದು ಎಂಸಿಬಿಗೆ ಗೊತ್ತಾಗುವ ದಾರಿಯೇ ಇಲ್ಲ.

ಬಿಸಿಯ ಲೆಕ್ಕ ಸರಳ. ಕರೆಂಟಿನ ವರ್ಗವನ್ನು ತಡೆಯಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಪಿನ್ನು ಮತ್ತು ಸಾಕೆಟ್ಟಿನ ಎಲೆ ಸೇರುವ ಜಾಗದಲ್ಲಿ ಒಂದು ಓಮ್‌ನ ಹತ್ತನೇ ಒಂದು ಭಾಗ ತಡೆ ಇದೆ ಅಂದುಕೊಳ್ಳಿ. 15 ಆಂಪ್ಸ್‌ಗೆ 22 ವ್ಯಾಟ್ ಆಯಿತು. ರೇಡಿಯೋ ರಿಪೇರಿಯವರ ಸಾಲ್ಡರಿಂಗ್ ಐರನ್ 25 ವ್ಯಾಟ್. ಅದನ್ನು ಸಾಕೆಟ್ಟಿನೊಳಗೆ ತೂರಿಸಿ ಎಂಟು ಗಂಟೆ ಬಿಟ್ಟರೆ ಏನಾಗಬಹುದೋ ಅದೇ ಅಲ್ಲಿ ಆಗಿದೆ. ಅದೇ ಸಾಕೆಟ್ಟಿನಲ್ಲಿ ಗೀಸರ್ ವರ್ಷಗಟ್ಟಲೆ ಓಡಿದೆಯಲ್ಲ ಎಂದು ಮಾಲೀಕರು ಕೇಳಿರಬಹುದು. ಗೀಸರ್ 2,000 ವ್ಯಾಟ್, 9 ಆಂಪ್ಸ್, ಓಡುವುದು ಹದಿನೈದಿಪ್ಪತ್ತು ನಿಮಿಷ. ಬಿಸಿಯಾಗುವ ಹೊತ್ತಿಗೆ ಥರ್ಮೋಸ್ಟಾಟ್ ಆಫ್ ಮಾಡಿರುತ್ತದೆ. ಕಾರು ಉಸಿರಾಡಲು ಬಿಡದೆ ಎಂಟು ಗಂಟೆ ಎಳೆಯುತ್ತದೆ. ಮೊಬೈಲು, ಟಿವಿ, ಮಿಕ್ಸಿ, ಗೀಸರ್ ಯಾವುದೂ ಈ ಪರೀಕ್ಷೆಯನ್ನು ಸಾಕೆಟ್ಟಿಗೆ ಕೊಟ್ಟಿರುವುದಿಲ್ಲ.

ನಿಮ್ಮ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ. ದಪ್ಪನೆಯ ಉದ್ದದ ಪಿನ್ ಅರ್ತ್‌ದು, ಅದರಲ್ಲಿ ಕರೆಂಟು ಹರಿಯುವುದಿಲ್ಲ, ಅದು ಹೊಳೆಯುತ್ತಲೇ ಇರುತ್ತದೆ. ಉಳಿದೆರಡರಲ್ಲಿ ಒಂದು ಕಪ್ಪಾಗಿರುತ್ತದೆ. ಆ ಕಪ್ಪು ಬಣ್ಣ ಪಿನ್ನಿನ ತುದಿಯ ಕಡೆಗಿದ್ದರೆ ಲಾಡ್ಜಿನ ಸಾಕೆಟ್ಟಿನ ಎಲೆ ಸಡಿಲಿತ್ತು ಎಂದರ್ಥ. ಬುಡದಲ್ಲಿದ್ದರೆ ದೋಷ ನಿಮ್ಮ ಪ್ಲಗ್ಗಿನೊಳಗಿನ ಜೋಡಣೆಯದು. ಸಾಕೆಟ್ಟಿನ ಹಿಂಭಾಗ ಮಾತ್ರ ಸುಟ್ಟಿದ್ದರೆ ವೈರ್ ಕಚ್ಚುವ ಸ್ಕ್ರೂ ಸಡಿಲಿತ್ತು. ಇದನ್ನು ನೋಡದೆ ತಪ್ಪು ಯಾರದು ಎಂದು ಜಗಳವಾಡಿ ಪ್ರಯೋಜನವಿಲ್ಲ.

ಇನ್ನೊಂದು ಕಾರಣ ಬಹಳ ಸಲ ಕಣ್ಣಿಗೆ ಬೀಳುವುದಿಲ್ಲ. ಪೋರ್ಟಬಲ್ ಚಾರ್ಜರ್‌ನ ಪೆಟ್ಟಿಗೆಗೆ ತೂಕವಿದೆ, ಪ್ಲಗ್ಗಿನಿಂದ ಪೆಟ್ಟಿಗೆವರೆಗಿನ ವೈರು ಗಿಡ್ಡ. ಗೋಡೆಯ ಮೇಲಿನ ಸಾಕೆಟ್ಟಿಗೆ ಚುಚ್ಚಿ ಬಿಟ್ಟರೆ ಪೆಟ್ಟಿಗೆ ಜೋತಾಡುತ್ತಾ ಪ್ಲಗ್ಗನ್ನು ಕೆಳಕ್ಕೆ ಎಳೆಯುತ್ತದೆ. ಎರಡು ಗಂಟೆಯಲ್ಲಿ ಪಿನ್ನುಗಳು ಕೂದಲೆಳೆಯಷ್ಟು ವಾಲುತ್ತವೆ, ಅಷ್ಟು ಸಾಕು. ಕೆಳಗೆ ಒಂದು ಕುರ್ಚಿ ಇಟ್ಟು ಪೆಟ್ಟಿಗೆಯನ್ನು ಅದರ ಮೇಲೆ ಕೂರಿಸಿ, ಅಥವಾ ಪೆಟ್ಟಿಗೆಯಲ್ಲಿ ಕೊಂಡಿ ಇದ್ದರೆ ಮೊಳೆಗೆ ತೂಗುಹಾಕಿ. ಪ್ಲಗ್ಗಿನ ಮೇಲೆ ಯಾವ ಭಾರವೂ ಇರಬಾರದು.

ಆ ಪ್ಲಗ್ಗನ್ನು ಇನ್ನು ಬಳಸಬೇಡಿ. ಸ್ಯಾಂಡ್‌ಪೇಪರ್ ತಿಕ್ಕಿ ಹೊಳಪು ತಂದರೂ ಮೇಲಿನ ಲೇಪ ಹೋಗಿರುತ್ತದೆ, ಮುಂದೆ ಚುಚ್ಚಿದ ಪ್ರತಿ ಸಾಕೆಟ್ಟನ್ನೂ ಅದು ಹಾಳುಮಾಡುತ್ತಾ ಹೋಗುತ್ತದೆ. ಸುಟ್ಟ ಸಾಕೆಟ್ಟೂ ಹಾಗೆಯೇ, ಒಳ್ಳೆಯ ಪ್ಲಗ್ಗನ್ನು ಸುಡುತ್ತದೆ. ಪ್ಲಗ್ ಕತ್ತರಿಸಿ ಅಂಗಡಿಯ ಪ್ಲಗ್ ಟಾಪ್ ಹಾಕಿಸಲೂ ಹೋಗಬೇಡಿ. ಎಷ್ಟೋ ಕಾರುಗಳ ಪ್ಲಗ್ಗಿನೊಳಗೆ ಬಿಸಿ ಅಳೆಯುವ ಸಣ್ಣ ಸೆನ್ಸರ್ ಕೂತಿರುತ್ತದೆ, ನಿಮ್ಮ ಚಾರ್ಜಿಂಗ್ ಅರ್ಧಕ್ಕೆ ನಿಂತಿದ್ದು ಬಹುಶಃ ಅದರ ದಯೆಯಿಂದ. ಕತ್ತರಿಸಿದರೆ ಅದು ಹೋಯಿತು. ಸರ್ವಿಸ್ ಸೆಂಟರಿನಲ್ಲೇ ಕೇಬಲ್ ಬದಲಾಯಿಸಿಕೊಳ್ಳಿ. ಲಾಡ್ಜಿನ ಸಾಕೆಟ್ಟಿನ ಖರ್ಚನ್ನೂ ನೀವೇ ಕೊಡುವುದು ಸರಿ. ಸಾಕೆಟ್ ಹಳೆಯದೇ ಇರಬಹುದು, ಆದರೆ ಅದಕ್ಕೆ ಆ ಹೊರೆ ಹೊರಿಸಿದ್ದು ನಿಮ್ಮ ಕಾರು.

ಮುಂದಿನ ಸಲ ಹೀಗೆ ಮಾಡಿ. ಕೋಣೆ ಬುಕ್ ಮಾಡುವಾಗಲೇ ಕೇಳಿ, ಆದರೆ “ಚಾರ್ಜ್‌ಗೆ ಹಾಕಬಹುದಾ ಸಾರ್?” ಎಂದಷ್ಟೇ ಕೇಳಬೇಡಿ. ರಿಸೆಪ್ಷನ್‌ನಲ್ಲಿ ಕೂತವರಿಗೆ ಅದು ಮೊಬೈಲ್ ಚಾರ್ಜ್ ಮಾಡಿದಷ್ಟು ಹಗುರವಾಗಿ ಕೇಳಿಸುತ್ತದೆ, “ಹಾಕ್ಕೊಳ್ಳಿ” ಅನ್ನುತ್ತಾರೆ. “ಕಾರು ಚಾರ್ಜ್ ಮಾಡಬೇಕು, 3,000 ವ್ಯಾಟ್ ಎಳೆಯುತ್ತದೆ, ರಾತ್ರಿಯಿಡೀ ಬೇಕು, ಇಪ್ಪತ್ತೇಳು ಯೂನಿಟ್ ಆಗಬಹುದು, ಯೂನಿಟ್ ಲೆಕ್ಕದಲ್ಲಿ ದುಡ್ಡು ಕೊಡುತ್ತೇವೆ” ಎಂದು ಪೂರ್ತಿ ಹೇಳಿ. ಒಪ್ಪಿದರೆ ಅದು ನಿಜವಾದ ಒಪ್ಪಿಗೆ. ಇಪ್ಪತ್ತೇಳು ಹೇಗೆ ಬಂತು? ಶೇ 20ರಿಂದ ಪೂರ್ತಿ ತುಂಬಲು ಬ್ಯಾಟರಿಗೆ 24 ಯೂನಿಟ್ ಬೇಕು. ದಾರಿಯಲ್ಲಿ ಶೇ 10–15 ಬಿಸಿಯಾಗಿ ಹೋಗುತ್ತದೆ, ಮೀಟರಿನಲ್ಲಿ ಓಡುವುದು 27ರ ಆಸುಪಾಸು. ಲಾಡ್ಜಿಗೆ ವಾಣಿಜ್ಯ ದರ, ಮೇಲೆ ನಿಗದಿತ ಶುಲ್ಕ, ತೆರಿಗೆ ಬೇರೆ. ಯೂನಿಟ್ಟಿಗೆ 12–15 ರೂಪಾಯಿ ಕೊಟ್ಟರೆ ಅವರಿಗೂ ನಷ್ಟವಿಲ್ಲ, ಫಾಸ್ಟ್ ಚಾರ್ಜರ್‌ಗೆ ಹೋಲಿಸಿದರೆ ನಿಮಗೂ ಅಗ್ಗ.

ಕೋಣೆಯಲ್ಲಿ ಎಸಿಗೆಂದು ಹಾಕಿದ ಪಾಯಿಂಟ್ ಇದ್ದರೆ ಅದನ್ನೇ ಕೇಳಿ. ಅದಕ್ಕೆ ಬೋರ್ಡಿನಿಂದ ನೇರ ದಪ್ಪ ವೈರ್, ಸ್ವಂತ ಎಂಸಿಬಿ ಇರುವ ಸಂಭವ ಹೆಚ್ಚು. ಆ ರಾತ್ರಿ ಎಸಿ ಬೇಡ. ಹಾಸಿಗೆ ಪಕ್ಕದ 5 ಆಂಪ್ಸ್ ಸಾಕೆಟ್ಟಿಗೆ ಕನ್ವರ್ಟರ್ ಪ್ಲಗ್ ಹಾಕುವುದು ಖಂಡಿತ ಕೂಡದು. ಅಲ್ಲಿ ಓಡಿಸಿರುವುದು ಲೈಟಿಗೆ ಸಾಕಾಗುವ ಸಣ್ಣ ವೈರ್. ಅದು ಕಾದರೆ ಉರಿಯುವುದು ಗೋಡೆಯೊಳಗೆ, ಹೊಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಪ್ಲಗ್ ಚುಚ್ಚುವ ಮುನ್ನ ಸ್ವಿಚ್ ಆಫ್ ಇರಲಿ. ಪಿನ್ನು ಹೋಗುವಾಗ ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಸಲೀಸಾಗಿ ಜಾರಿದರೆ ಆ ಸಾಕೆಟ್ ಬೇಡ. ಮೂರು ದೀಪದ ಸಾಕೆಟ್ ಟೆಸ್ಟರ್ ಸಣ್ಣ ಬೆಲೆಗೆ ಸಿಗುತ್ತದೆ, ಫೇಸ್–ನ್ಯೂಟ್ರಲ್ ಅದಲುಬದಲು ಮತ್ತು ಅರ್ತ್ ಇಲ್ಲದಿರುವುದನ್ನು ಅದು ಹೇಳುತ್ತದೆ. ಅರ್ತ್ ಎಷ್ಟು ಗಟ್ಟಿ ಎಂದು ಹೇಳಲಾರದು. ನಿಯಾನ್ ದೀಪ ಹೊತ್ತಲು ಚೂರು ಕರೆಂಟು ಸಾಕು, ಕೆಟ್ಟ ಅರ್ತ್ ಇದ್ದರೂ ಹೊತ್ತುತ್ತದೆ. ಮಲ್ಟಿಮೀಟರ್ ಬಳಸಿ ಅಭ್ಯಾಸವಿರುವವರು ನ್ಯೂಟ್ರಲ್ ಮತ್ತು ಅರ್ತ್ ನಡುವೆ ನೋಡಲಿ: 2–3 ವೋಲ್ಟ್ ಒಳಗಿದ್ದರೆ ಒಳ್ಳೆಯದು, 5 ದಾಟಿದರೆ ಅನುಮಾನಿಸಿ. ಅಭ್ಯಾಸವಿಲ್ಲದವರು ಕಡ್ಡಿ ತೂರಿಸಲು ಹೋಗಬೇಡಿ.

ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಸಾಕೆಟ್ಟಿಗೆ ನೇರ ಚುಚ್ಚುವ ಡಿಜಿಟಲ್ ವೋಲ್ಟ್‌ಮೀಟರ್. ಅದೇ ಸ್ವಿಚ್ ಬೋರ್ಡಿನ ಪಕ್ಕದ ಸಾಕೆಟ್ಟಿಗೆ ಚುಚ್ಚಿ, ಕಾರು ಎಳೆಯಲು ಶುರುಮಾಡುವ ಮುನ್ನ ಒಮ್ಮೆ, ಹತ್ತು ನಿಮಿಷದ ಬಳಿಕ ಒಮ್ಮೆ ನೋಡಿ. 230 ಇದ್ದದ್ದು 222ಕ್ಕೆ ಇಳಿದರೆ ಪರವಾಗಿಲ್ಲ, ಉದ್ದ ವೈರಿನಲ್ಲಿ ಅಷ್ಟು ಇಳಿಯುತ್ತದೆ. 205ಕ್ಕೆ ಇಳಿದರೆ ನಿಲ್ಲಿಸಿ. ಇಳಿದ 25 ವೋಲ್ಟನ್ನು 15 ಆಂಪ್ಸ್‌ನಿಂದ ಗುಣಿಸಿದರೆ 375 ವ್ಯಾಟ್. ಅಷ್ಟೂ ಬಿಸಿ ಲೈನಿನಲ್ಲಿ ಎಲ್ಲೋ ಕೂತಿದೆ. ಇಡೀ ವೈರಿನುದ್ದಕ್ಕೂ ಹಂಚಿಹೋಗಿದ್ದರೆ ಅದೃಷ್ಟ, ಒಂದೇ ಜಾಯಿಂಟಿನಲ್ಲಿದ್ದರೆ ಬೆಂಕಿ.

ಆಮೇಲೆ ಕೈ ಪರೀಕ್ಷೆ. ಹದಿನೈದು ನಿಮಿಷಕ್ಕೆ, ಮತ್ತೆ ಒಂದು ಗಂಟೆಗೆ, ಮಲಗುವ ಮುನ್ನ ಇನ್ನೊಮ್ಮೆ ಪ್ಲಗ್ಗಿನ ಪ್ಲಾಸ್ಟಿಕ್ ಮೇಲೆ ಹಿಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಕಾಫಿ ಲೋಟದ ಹಾಗೆ ಸುಡುತ್ತಾ ಐದು ಸೆಕೆಂಡು ಹಿಡಿಯಲು ಆಗದಿದ್ದರೆ ನಿಲ್ಲಿಸಿ. ನಿಲ್ಲಿಸುವಾಗ ಮೊದಲು ಕಾರಿನಲ್ಲಿ ಚಾರ್ಜಿಂಗ್ ನಿಲ್ಲಿಸಿ, ಬಳಿಕ ಗೋಡೆಯ ಸ್ವಿಚ್, ಕೊನೆಗೆ ಪ್ಲಗ್. ಲೋಡ್ ಇರುವಾಗ ಪ್ಲಗ್ ಕಿತ್ತರೆ ಒಳಗೆ ಕಿಡಿ ಹಾರಿ ಪಿನ್ನಿನಲ್ಲಿ ಕುಳಿ ಬೀಳುತ್ತದೆ, ಮುಂದಿನ ಬಿಸಿಗೆ ಅಲ್ಲೇ ಬೀಜ.

ನಿಮ್ಮ ಕಾರಿನಲ್ಲಿ ಅಥವಾ ಚಾರ್ಜರ್ ಪೆಟ್ಟಿಗೆಯಲ್ಲಿ ಆಂಪ್ಸ್ ಇಳಿಸುವ ಸೌಲಭ್ಯ ಇದೆಯೇ ಎಂದು ಕೈಪಿಡಿ ನೋಡಿ. ಇದ್ದರೆ ಪರಸ್ಥಳದಲ್ಲಿ 10 ಆಂಪ್ಸ್‌ಗೆ ಇಳಿಸುವುದೇ ನನ್ನ ಸಲಹೆ. ಬಿಸಿ ವರ್ಗದಲ್ಲಿ ಇಳಿಯುವುದರಿಂದ 15ರ ಬದಲು 10 ಆದಾಗ ಅದು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ರಾತ್ರಿ ಹತ್ತಕ್ಕೆ ಹಾಕಿ ಬೆಳಗಿನ ನಾಲ್ಕೂವರೆಗೆ ನಿಲ್ಲುವಂತೆ ಟೈಮರ್ ಇಟ್ಟರೆ ಆರೂವರೆ ಗಂಟೆಗೆ 15 ಯೂನಿಟ್, ಬ್ಯಾಟರಿಯಲ್ಲಿ ಹೆಚ್ಚುಕಡಿಮೆ ಶೇ 44. ಮೊದಲೇ ಉಳಿದಿದ್ದ ಶೇ 20ರ ಜೊತೆ ಸೇರಿದರೆ ಸಕಲೇಶಪುರದ ಫಾಸ್ಟ್ ಚಾರ್ಜರ್‌ವರೆಗೆ ಬರಲು ಅಷ್ಟು ಸಾಕು. ನಾಲ್ಕೂವರೆ ಎಂದದ್ದು ಸುಮ್ಮನಲ್ಲ. ಯಾತ್ರಾಸ್ಥಳದ ಲಾಡ್ಜುಗಳಲ್ಲಿ ಐದು ಗಂಟೆಗೆ ಎಲ್ಲ ಕೋಣೆಯ ಗೀಸರ್‌ಗಳೂ ಒಟ್ಟಿಗೆ ಆನ್ ಆಗುತ್ತವೆ. ವೋಲ್ಟೇಜ್ ಕುಸಿಯುತ್ತದೆ, ಮೇನ್ ಹಾರಿದರೂ ಹಾರಿತು. ದರ್ಶನಕ್ಕೆ ಹೊರಟ ಇಪ್ಪತ್ತು ಮನೆಯವರ ಬಿಸಿನೀರು ನಿಮ್ಮ ಕಾರಿನಿಂದಾಗಿ ತಪ್ಪಬಾರದು.

ಎಕ್ಸ್‌ಟೆನ್ಷನ್ ಬಾಕ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಕೋಣೆ ಮೇಲೆ, ಕಾರು ಕೆಳಗೆ ಎಂದಾಗ ಎಲ್ಲರ ಕಣ್ಣು ಅದರ ಮೇಲೆ ಬೀಳುತ್ತದೆ. ಒಂದೂವರೆ ಸ್ಕ್ವೇರ್ ಎಂಎಂ ವೈರಿನ 20 ಮೀಟರ್ ಎಕ್ಸ್‌ಟೆನ್ಷನ್‌ನಲ್ಲಿ ಹೋಗಿಬರುವ ತಡೆ ಅರ್ಧ ಓಮ್ ಹತ್ತಿರ. 15 ಆಂಪ್ಸ್‌ಗೆ 100 ವ್ಯಾಟ್ ಮೀರಿದ ಬಿಸಿ. ಬಿಡಿಸಿ ಹಾಸಿದರೆ ಗಾಳಿಗೆ ಹೋಗುತ್ತದೆ. ರೀಲಿನಲ್ಲಿ ಸುತ್ತಿದಂತೆಯೇ ಬಿಟ್ಟರೆ ಹಳೇ ಕಾಲದ 100 ವ್ಯಾಟ್ ಬಲ್ಬನ್ನು ಕಂಬಳಿಯಲ್ಲಿ ಸುತ್ತಿ ಬೆಳಗಿನವರೆಗೆ ಉರಿಸಿದ ಹಾಗೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಚಾರ್ಜಿಂಗ್ ಸ್ಟೇಷನ್ನುಗಳಲ್ಲಿ ಎಕ್ಸ್‌ಟೆನ್ಷನ್ ವೈರನ್ನೂ ಎತ್ತಿಕೊಂಡು ಹೋಗುವ ಸಾಕೆಟ್ಟನ್ನೂ ನಿಷೇಧಿಸಿವೆ, ಕಾರು ಚಾರ್ಜಿಂಗ್ ಪಾಯಿಂಟಿನಿಂದ 5 ಮೀಟರ್ ಒಳಗೇ ನಿಲ್ಲಬೇಕೆನ್ನುತ್ತವೆ. ಲಾಡ್ಜಿನ ಅಂಗಳದಲ್ಲೂ ಅದನ್ನೇ ಪಾಲಿಸಿ. ಕೇಬಲ್ ಮುಟ್ಟದಿದ್ದರೆ ಆ ಜಾಗ ಆಗುವುದಿಲ್ಲ. ಮುಟ್ಟಿದರೂ ಕಿಟಕಿಯ ಬಾಗಿಲಿಗೆ ಸಿಕ್ಕಿ ನಜ್ಜುಗುಜ್ಜಾಗದಂತೆ, ನಡೆಯುವ ದಾರಿಗೆ ಅಡ್ಡ ಬೀಳದಂತೆ ಗೋಡೆಯ ಬುಡಕ್ಕೆ ಒತ್ತಿ ಹಾಸಿ.

ನೆಂಟರ ಮನೆಯಲ್ಲಿ ವಿಷಯ ಇನ್ನೂ ಸೂಕ್ಷ್ಮ. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಹಿಂದಿನ ಸರಾಸರಿಗಿಂತ ಒಂದಿಷ್ಟು ಹೆಚ್ಚು ಎಂದು ಉಚಿತ ಮಿತಿ ಗೊತ್ತುಮಾಡಿದ್ದಾರೆ, 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. 180 ಬಳಸುವ ಮನೆಯಲ್ಲಿ ನಿಮ್ಮ ಒಂದು ರಾತ್ರಿಯ 27 ಯೂನಿಟ್ ಸೇರಿದರೆ 207. ಚಿಕ್ಕಮ್ಮ ಬಾಯಿಬಿಟ್ಟು ಕೇಳುವುದಿಲ್ಲ, ಬಿಲ್ ಬಂದಾಗ ನೀವು ಅಲ್ಲಿರುವುದಿಲ್ಲ. ಮೊದಲೇ ವಿಚಾರಿಸಿ. ಹಳ್ಳಿಯ ಹಳೆಯ ಮನೆಗಳ ಮಂಜೂರಾದ ಲೋಡ್ ಒಂದು ಕಿಲೋವ್ಯಾಟ್ ಇರುವುದೂ ಉಂಟು. ಅಂಥಲ್ಲಿ ಮೂರು ಕಿಲೋವ್ಯಾಟ್ ಎಳೆಯುವ ಕಾರನ್ನು ಹಾಕಲೇಬೇಡಿ.

ಈಗ ಸಕಲೇಶಪುರದ ಶೇ 97. ನೀವು ಗನ್ ಕೀಳದೆ ಇದ್ದದ್ದೇ ಸರಿ. ಕೀಳಲು ಬರುತ್ತಲೂ ಇರಲಿಲ್ಲ. ನಮ್ಮ ಕಾರುಗಳ ಫಾಸ್ಟ್ ಚಾರ್ಜಿಂಗ್‌ಗೆ ಬಳಸುವ ಸಿಸಿಎಸ್-2 ಮಾದರಿಯ ಗನ್ನನ್ನು ಒಳಗಿನಿಂದ ಕಾರೇ ಬೀಗ ಹಾಕಿ ಹಿಡಿದಿರುತ್ತದೆ, ಚಾರ್ಜಿಂಗ್ ನಿಂತು ಮಾಲೀಕರು ಅನ್‌ಲಾಕ್ ಮಾಡಿದರೆ ಮಾತ್ರ ಬಿಡುತ್ತದೆ. ಜಗ್ಗಿದರೆ ಗನ್ನೋ ಕಾರಿನ ಸಾಕೆಟ್ಟೋ ಮುರಿಯುತ್ತದೆ. ಮಷಿನ್ನಿನ ಮೇಲಿನ ಕೆಂಪು ತುರ್ತು ಗುಂಡಿ ಒತ್ತಿ ನಿಲ್ಲಿಸುವವರೂ ಇದ್ದಾರೆ. ಅದು ಬೆಂಕಿ, ಹೊಗೆ, ಶಾಕ್ ಇದ್ದಾಗ ಒತ್ತುವ ಗುಂಡಿ. ಒತ್ತಿದರೆ ಇಡೀ ಮಷಿನ್ ಸತ್ತುಹೋಗುತ್ತದೆ. ತಿರುಗಿಸಿ ಬಿಟ್ಟ ಮೇಲೂ ಎಷ್ಟೋ ಸಲ ಕಂಪನಿಯವರು ದೂರದಿಂದ ರೀಸೆಟ್ ಮಾಡಬೇಕು. ಇನ್ನೊಬ್ಬರ ಕಾರನ್ನು ನಿಲ್ಲಿಸಲು ಹೋಗಿ ನಿಮ್ಮ ಸರದಿಯನ್ನೂ ಕಳೆದುಕೊಳ್ಳುತ್ತೀರಿ.

ಮಾಡಬೇಕಾದದ್ದು ಇಷ್ಟು: ಕಾರಿನ ಗಾಜಿನ ಹಿಂದೆ ಫೋನ್ ನಂಬರ್ ಚೀಟಿ ಇದೆಯೇ ನೋಡಿ, ಪಕ್ಕದ ಹೋಟೆಲಿನೊಳಗೆ ಹೋಗಿ ಕೇಳಿ, ಸಿಗದಿದ್ದರೆ ಮಷಿನ್ ಮೇಲಿನ ಸಹಾಯವಾಣಿಗೆ ಕರೆಮಾಡಿ. ಅವರಿಗೆ ಬಳಕೆದಾರರ ನಂಬರ್ ಗೊತ್ತಿರುತ್ತದೆ. ನೀವು ಬಿಟ್ಟುಹೋಗುವಾಗ ಅದೇ ಚೀಟಿ ನಿಮ್ಮ ಡ್ಯಾಶ್‌ಬೋರ್ಡಿನ ಮೇಲಿರಲಿ: ಫೋನ್ ನಂಬರ್, ಎಷ್ಟು ಶೇಕಡದವರೆಗೆ ಬೇಕು, ಎಷ್ಟು ಗಂಟೆಗೆ ತೆಗೆಯುತ್ತೀರಿ. ಮೂರೇ ಸಾಲು.

ಫಾಸ್ಟ್ ಚಾರ್ಜರ್‌ನಲ್ಲಿ ಶೇ 80ಕ್ಕೆ ನಿಲ್ಲಿಸಿ ಜಾಗ ಬಿಡಬೇಕು ಎಂಬ ಮಾತು ಬರೀ ಸೌಜನ್ಯಕ್ಕೆ ಹುಟ್ಟಿದ್ದಲ್ಲ. ಬ್ಯಾಟರಿ ತುಂಬುತ್ತಾ ಬಂದಂತೆ ಅದರ ವೋಲ್ಟೇಜ್ ಮೇಲಿನ ಮಿತಿ ಮುಟ್ಟುತ್ತದೆ, ಆಗ ಕಾರೇ ಕರೆಂಟು ಇಳಿಸುತ್ತಾ ಹೋಗುತ್ತದೆ. ಶೇ 95 ದಾಟಿದ ಮೇಲೆ ಹಲವು ಕಾರುಗಳು 30 ಕಿಲೋವ್ಯಾಟ್ ಮಷಿನ್ನಿನಿಂದ ಎಳೆಯುವುದು ಮನೆಯ ಪ್ಲಗ್ಗಿಗಿಂತ ತುಸು ಹೆಚ್ಚು, ಅಷ್ಟೇ. ಹೆದ್ದಾರಿಯಲ್ಲಿ ಸಾಲು ಇರುವಾಗ ಆ ಕೊನೆಯ ಚೂರಿಗಾಗಿ ಮಷಿನ್ ಹಿಡಿದಿಡುವುದು ಅನ್ಯಾಯ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯ ಬ್ಯಾಟರಿಯನ್ನು ಆಗಾಗ ಶೇ 100 ತುಂಬಿಸಬೇಕೆಂದು ಕೈಪಿಡಿ ಹೇಳಬಹುದು. ಅದನ್ನು ಮನೆಯಲ್ಲಿ ನಿಧಾನ ಚಾರ್ಜಿಂಗ್‌ನಲ್ಲಿ ಮಾಡಿಕೊಳ್ಳಿ.

ಶಿರಾಡಿ ಘಾಟಿಯ ದಾರಿಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ಗುಂಡ್ಯದಿಂದ ಸಕಲೇಶಪುರಕ್ಕೆ ಸುಮಾರು 800 ಮೀಟರ್ ಏರಬೇಕು. ನಾಲ್ಕು ಜನ ಕೂತ 1,700 ಕಿಲೋದ ಕಾರನ್ನು ಅಷ್ಟು ಎತ್ತರಕ್ಕೆ ಎತ್ತಲು, ರಸ್ತೆಯ ಮಾಮೂಲಿ ಖರ್ಚಿನ ಮೇಲೆ, ಸುಮಾರು 4 ಯೂನಿಟ್ ಹೆಚ್ಚು ಬೇಕು. ನಿಮ್ಮ ಬ್ಯಾಟರಿಯ ಶೇ 13. ಹಾಗಾಗಿ ಕೆಳಗಿನಿಂದ ಬಂದವರು ಸಕಲೇಶಪುರ ಮುಟ್ಟುವಾಗ ನಿಜಕ್ಕೂ ಬರಿದಾಗಿರುತ್ತಾರೆ. ಘಾಟಿ ಇಳಿಯುವವರಿಗೆ ಅಷ್ಟು ಬೇಡ. ಅಲ್ಲಿ ಶೇ 100 ತುಂಬಿಸಿಕೊಂಡು ಇಳಿದರೆ ತೊಂದರೆ ಬೇರೆ: ತುಂಬಿದ ಬ್ಯಾಟರಿ, ಕಾರಿನ ವೇಗ ತಗ್ಗಿಸುವಾಗ ಮೋಟಾರಿನಿಂದ ವಾಪಸ್ ಬರುವ ಕರೆಂಟನ್ನು ಒಳಗೆ ಸೇರಿಸಿಕೊಳ್ಳುವುದಿಲ್ಲ, ಇಳಿಜಾರಿನ ಹಿಡಿತವೆಲ್ಲ ಬ್ರೇಕ್ ಪ್ಯಾಡಿನ ಮೇಲೆ ಬೀಳುತ್ತದೆ. ಇಳಿಯುವವರು ಏರಿ ಬಂದವರಿಗೆ ಸರದಿ ಬಿಟ್ಟುಕೊಟ್ಟರೆ ಇಬ್ಬರಿಗೂ ಒಳ್ಳೆಯದು.

ಎರಡು ಗನ್ನಿನ ಮಷಿನ್‌ಗಳಲ್ಲಿ 60 ಕಿಲೋವ್ಯಾಟ್ ಬರೆದಿದ್ದರೂ ಇಬ್ಬರು ಹಾಕಿದಾಗ 30–30 ಹಂಚಿಕೆಯಾಗುವುದು ಸಾಮಾನ್ಯ. ಪಕ್ಕದಲ್ಲಿ ಖಾಲಿ ಮಷಿನ್ ಇದ್ದರೆ ಅದಕ್ಕೆ ಹೋಗಿ. ಇಲ್ಲದಿದ್ದರೆ ಮೊದಲಿನವರಿಗೆ ಒಂದು ಮಾತು ಹೇಳಿ ಹಾಕಿ, ಅವರ ವೇಗ ದಿಢೀರನೆ ಅರ್ಧಕ್ಕಿಳಿದಾಗ ಮಷಿನ್ ಕೆಟ್ಟಿತೆಂದು ಗಾಬರಿಯಾಗುತ್ತಾರೆ. ಬಾಡಿಗೆ ಟ್ಯಾಕ್ಸಿಯವರು ಸಾಲಿನಲ್ಲಿದ್ದರೆ, ನಿಮಗೆ ಆತುರವಿಲ್ಲದ ದಿನ ಜಾಗ ಬಿಡಿ. ಅವರ ಒಂದು ಗಂಟೆ ಅವರ ಆ ದಿನದ ದುಡಿಮೆ.

ಗನ್ ಹಾಕಿದರೂ ಚಾರ್ಜಿಂಗ್ ಶುರುವಾಗದಿರಲು ಬಹಳ ಸಲ ಕಾರಣ ಗನ್ನಿನ ಭಾರ. ದಪ್ಪ ಕೇಬಲ್ ಗನ್ನನ್ನು ಕೆಳಗೆ ಜಗ್ಗುತ್ತದೆ, ಕಾರೂ ಮಷಿನ್ನೂ ಮಾತಾಡಿಕೊಳ್ಳುವ ಸಣ್ಣ ಪಿನ್ನುಗಳು ಸರಿಯಾಗಿ ಕೂರುವುದಿಲ್ಲ. ಪೂರ್ತಿ ಒಳಗೆ ಒತ್ತಿ, ಬೀಗ ಬೀಳುವ ಸದ್ದು ಕೇಳುವವರೆಗೂ, ಆಮೇಲೆ ಇನ್ನೊಂದು ಇಪ್ಪತ್ತು ಮೂವತ್ತು ಸೆಕೆಂಡೂ ಕೈಯಿಂದ ಎತ್ತಿ ಹಿಡಿಯಿರಿ. ಆಗಲೂ ಆಗದಿದ್ದರೆ ತೆಗೆದು, ಕಾರನ್ನು ಲಾಕ್ ಮಾಡಿ, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಿ. ಮುಗಿದ ಮೇಲೆ ಗನ್ನನ್ನು ಅದರ ಗೂಡಿಗೇ ಸಿಕ್ಕಿಸಿ, ಕೇಬಲ್ ಸುತ್ತಿಡಿ. ನೆಲಕ್ಕೆ ಬಿಟ್ಟರೆ ಮುಂದಿನ ಕಾರು ಅದರ ಮೇಲೆ ಹತ್ತುತ್ತದೆ, ಒಳಗೆ ಮಣ್ಣು ನೀರು ಸೇರುತ್ತದೆ, ಆಮೇಲೆ ಬಂದವರಿಗೆ ಮಷಿನ್ ಇನ್ಸುಲೇಷನ್ ದೋಷ ತೋರಿಸಿ ನಿರಾಕರಿಸುತ್ತದೆ.

ಮನೆಯವರ ಮಳೆಯ ಭಯಕ್ಕೆ ಸಮಾಧಾನ ಹೇಳಬಹುದು. ನೀವು ಕೈಯಲ್ಲಿ ಹಿಡಿದಿರುವಾಗ ಗನ್ನಿನ ದೊಡ್ಡ ಪಿನ್ನುಗಳಲ್ಲಿ ಕರೆಂಟು ಇರುವುದೇ ಇಲ್ಲ. ಒಂದು ಸಣ್ಣ ಪಿನ್ನಿನಲ್ಲಿ 12 ವೋಲ್ಟಿನ ಸೂಚನೆ ಮಾತ್ರ ಇರುತ್ತದೆ. ಗನ್ ಕಾರಿನೊಳಗೆ ಕೂತಾಗ ಅದು 9ಕ್ಕಿಳಿಯುತ್ತದೆ, ಕಾರು ಸಿದ್ಧ ಎಂದಾಗ 6ಕ್ಕಿಳಿಯುತ್ತದೆ. ಬೀಗ ಬಿದ್ದು, ಮಷಿನ್ ಸೋರಿಕೆ ಪರೀಕ್ಷೆ ಮಾಡಿಕೊಂಡ ಮೇಲಷ್ಟೇ ದೊಡ್ಡ ವೋಲ್ಟೇಜ್ ಬರುತ್ತದೆ. ಮಳೆಯಲ್ಲಿ ಗನ್ನಿನ ಮೂತಿ ಕೆಳಗೆ ಮಾಡಿ ಒಮ್ಮೆ ಒದರಿ, ಕಾರಿನ ಮುಚ್ಚಳದ ಸುತ್ತ ಒಣಬಟ್ಟೆಯಿಂದ ಒರೆಸಿ, ಬಟ್ಟೆಯನ್ನಾಗಲಿ ಬೆರಳನ್ನಾಗಲಿ ಪಿನ್ನಿನ ರಂಧ್ರಕ್ಕೆ ತೂರಿಸಬೇಡಿ. ಗನ್ನಿನ ಪ್ಲಾಸ್ಟಿಕ್ ಒಡೆದಿದ್ದರೆ, ಮಷಿನ್ನಿನ ಬುಡದಲ್ಲಿ ನೀರು ನಿಂತಿದ್ದರೆ ಮುಟ್ಟಬೇಡಿ.

ಈ ಧೈರ್ಯ ಲಾಡ್ಜಿನ ಮೂರು ಪಿನ್ನಿನ ಪ್ಲಗ್ಗಿಗೆ ಸಲ್ಲದು. ಅಲ್ಲಿ ಗೋಡೆಯ ಸಾಕೆಟ್ಟಿನಲ್ಲಿ ಸ್ವಿಚ್ ಹಾಕಿದ ಕ್ಷಣದಿಂದಲೇ 230 ವೋಲ್ಟ್ ಇರುತ್ತದೆ. ಎರಚಲು ಬೀಳುವ ಜಗಲಿಯ ಸಾಕೆಟ್ ಮಳೆಗಾಲದಲ್ಲಿ ಬೇಡ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ಹತ್ತಿರವಿದ್ದರೆ ಚಾರ್ಜಿಂಗ್ ನಿಲ್ಲಿಸಿ ಪ್ಲಗ್ ತೆಗೆದಿಡಿ. ಕಾರಿನ ತಳ ರಸ್ತೆಯುಬ್ಬಿಗೋ ಬಂಡೆಗೋ ಜೋರಾಗಿ ಹೊಡೆದಿದ್ದರೆ, ನೆರೆನೀರಲ್ಲಿ ನಿಂತಿದ್ದರೆ ಸರ್ವಿಸ್‌ನವರು ನೋಡುವ ಮುನ್ನ ಯಾವ ಚಾರ್ಜರ್‌ಗೂ ಹಾಕಬೇಡಿ. ಸಾಕೆಟ್ ಹೊತ್ತಿಕೊಂಡರೆ ನೀರು ಎರಚದೆ ಮೇನ್ ಆಫ್ ಮಾಡಿ, ಪೌಡರ್ ಅಥವಾ ಕಾರ್ಬನ್ ಡೈಆಕ್ಸೈಡ್ ನಂದಕ ಬಳಸಿ. ಕಾರಿನ ತಳದಿಂದ ಹಿಸ್ ಎನ್ನುವ ಸದ್ದು, ಬಿಳಿ ಹೊಗೆ ಬಂದರೆ ಏನನ್ನೂ ಉಳಿಸಲು ಹೋಗದೆ ಎಲ್ಲರನ್ನೂ ದೂರ ಸರಿಸಿ 112ಕ್ಕೆ ಕರೆಮಾಡಿ.

ಆ ಲಾಡ್ಜಿನ ಮಾಲೀಕರ ಬಳಿ ಮತ್ತೆ ಹೋಗುವ ಮನಸ್ಸಿದ್ದರೆ ಇದನ್ನು ಅವರ ಎಲೆಕ್ಟ್ರಿಷಿಯನ್ನಿಗೆ ತೋರಿಸಿ. ಮೇನ್ ಬೋರ್ಡಿನಿಂದ ನಡುವೆ ಜಾಯಿಂಟ್ ಇಲ್ಲದೆ 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಅದಕ್ಕೇ ಮೀಸಲಾದ 20 ಆಂಪ್ಸ್ ಎಂಸಿಬಿ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ 30 ಮಿಲಿಆಂಪ್ಸ್ ಆರ್‌ಸಿಸಿಬಿ. ಅದರಲ್ಲಿ ಎ ಟೈಪ್ ಎಂದು ಕೇಳಿ ತರಬೇಕು. ಅಂಗಡಿಯವರು ಮಾಮೂಲಾಗಿ ಕೊಡುವ ಎಸಿ ಟೈಪ್, ಕಾರಿನ ಚಾರ್ಜರ್‌ನಿಂದ ಬರಬಹುದಾದ ಸೋರಿಕೆಯನ್ನೆಲ್ಲ ಗುರುತಿಸುವುದಿಲ್ಲ. ಒಳ್ಳೆಯ ಕಂಪನಿಯ 16 ಆಂಪ್ಸ್ ಸಾಕೆಟ್, ಮಳೆ ತಡೆಯುವ ಮುಚ್ಚಳದ ಪೆಟ್ಟಿಗೆಯಲ್ಲಿ, ನೆಲದಿಂದ 800 ಮಿಲಿಮೀಟರ್‌ಗಿಂತ ಕೆಳಗಿಲ್ಲದಂತೆ, ಕಾರು ನಿಲ್ಲುವ ಜಾಗದಿಂದ 5 ಮೀಟರ್ ಒಳಗೆ, ಮಾಡಿನಡಿ. ಚಾರ್ಜರ್ ಪೆಟ್ಟಿಗೆ ಕೂರಿಸಲು ಕೆಳಗೊಂದು ಸಣ್ಣ ಹಲಗೆ. ಅರ್ತ್ ಪಿಟ್ ಬೇಸಿಗೆಯಲ್ಲಿ ಒಣಗದಂತೆ ಆಗಾಗ ನೀರು. ಹೆಚ್ಚು ಕಾರುಗಳು ಬರುವಂತಾದರೆ ಎಸ್ಕಾಂಗಳಲ್ಲಿ ವಾಹನ ಚಾರ್ಜಿಂಗ್‌ಗೆಂದೇ ಎಲ್‌ಟಿ-6 (ಸಿ) ದರದ ಪ್ರತ್ಯೇಕ ಸಂಪರ್ಕ ಸಿಗುತ್ತದೆ. ಚಾರ್ಜಿಂಗ್ ಪಾಯಿಂಟ್ ಇಡಲು ವಿದ್ಯುತ್ ಲೈಸೆನ್ಸ್ ಬೇಕಿಲ್ಲ ಎಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಸ್ಪಷ್ಟಪಡಿಸಿದೆ. ಸಾಕೆಟ್ಟಿನ ಪಕ್ಕದಲ್ಲಿ ಒಂದು ಸಬ್ ಮೀಟರ್ ಕೂರಿಸಲಿ. ಹಾಕುವಾಗೊಮ್ಮೆ, ತೆಗೆಯುವಾಗೊಮ್ಮೆ ಇಬ್ಬರೂ ಸೇರಿ ರೀಡಿಂಗ್‌ನ ಫೋಟೋ ತೆಗೆದುಕೊಳ್ಳಿ.